ಕೊಪ್ಪಳ ಕಡೆ ಆಸ್ಪತ್ರೆ ಕೆಲಸಕ್ಕೆ ಹೊಸಬಳು. ಇಲ್ಲಿನ ಜನರ ರೀತಿ ರಿವಾಜು ಕಲಿಯೋದು ಹೇಗೆ?

ಹೊಸ ಸಿಎಚ್‌ಒ, ಕಾರಟಗಿ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಈಗ ಕಾರಟಗಿ ಹತ್ತಿರದ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಬಿಪಿ, ಶುಗರ್ ನೋಡುವುದು, ಗರ್ಭಿಣಿಯರ ತಪಾಸಣೆ ಎಲ್ಲಾ ಬರುತ್ತದೆ. ಜನರೇ ಇನ್ನೂ ಅರ್ಥವಾಗಿಲ್ಲ.

ನನ್ನ ವ್ಯಾಪ್ತಿಯಲ್ಲಿ ಒಂದು ಹಳೇ ಊರು, ಒಂದು ತಾಂಡಾ, ಎರಡು ಕ್ಯಾಂಪ್ ಇವೆ. ಊರಲ್ಲಿ ಕನ್ನಡ, ಮಸೀದಿ ಓಣಿಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಕ್ಯಾಂಪಿನವರು ತುಂಗಭದ್ರಾ ಕಾಲುವೆ ನೀರು ಬಂದಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರು, ಮನೆಮಾತು ತೆಲುಗು. ನನ್ನ ಕನ್ನಡ ಕೇಳಿದರೆ ಊರಿನ ಅಜ್ಜಿಯರೇ ನಗುತ್ತಾರೆ.

ಕಾಲೇಜಿನಲ್ಲಿ ಟ್ರಾನ್ಸ್‌ಕಲ್ಚರಲ್ ನರ್ಸಿಂಗ್ ಅಂತ ಒಂದು ಪಾಠ ಇತ್ತು, ಬೇರೆ ಬೇರೆ ಸಂಸ್ಕೃತಿಯವರನ್ನು ಅವರ ರೀತಿಗೆ ತಕ್ಕಂತೆ ಆರೈಕೆ ಮಾಡುವುದರ ಬಗ್ಗೆ. ಮೆಡಲಿನ್ ಲೈನಿಂಗರ್ ಅವರ ಸಿದ್ಧಾಂತ, ಅದಕ್ಕೊಂದು ಸೂರ್ಯೋದಯದ ಚಿತ್ರ. ಪರೀಕ್ಷೆಗೆ ಬರೆದು ಮರೆತದ್ದು. ಯಾವ ಸಮುದಾಯದವರಿಗೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ಯಾರ ಹತ್ತಿರವಾದರೂ ಒಂದು ಪಟ್ಟಿ ಇದೆಯಾ? ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ರಾಯಚೂರು ಸ್ಟಾಫ್ ನರ್ಸ್

ಬಾ ತಂಗಿ, ಆರಾಮ ಇರು. ಆದರೆ ಪಟ್ಟಿ ಮಾತ್ರ ಗೋಡೆಗೆ ಅಂಟಿಸಬೇಡ. ನಾಳೆ ತಾಂಡಾದ ಅಜ್ಜಿ ಮೊಮ್ಮಗಳ ಹತ್ತಿರ ಅದನ್ನು ಓದಿಸಿ "ನಾ ಹಿಂಗ ಅಂತ ಬರದಾಕಿ ಯಾರು?" ಅಂದರೆ ಏನು ಹೇಳುತ್ತೀಯಾ?

ಪಟ್ಟಿ ಇಟ್ಟುಕೊಂಡರೆ ಜಾತಿ ನೋಡಿ ಮಾತಾಡುವ ಚಟ ಬೀಳುತ್ತದೆ. ಲಿಂಗಾಯತರು ಮೊಟ್ಟೆ ತಿನ್ನಲ್ಲ ಅಂತ ಬರೆದಿಟ್ಟುಕೊಂಡೆ ಅಂದುಕೋ. ಹಾಸ್ಟೆಲ್‌ನಲ್ಲಿ ದಿನಾ ಮೊಟ್ಟೆ ತಿನ್ನುವ ಹುಡುಗನಿಗೆ ಟಿಬಿ ಬಂದಾಗ ನೀನು ಮೊಟ್ಟೆಯ ಸುದ್ದಿಯನ್ನೇ ಎತ್ತುವುದಿಲ್ಲ. ಮುಸ್ಲಿಂ ಹೆಂಗಸರು ಗಂಡು ಡಾಕ್ಟರಿಗೆ ತೋರಿಸಲ್ಲ ಅಂತ ನೀನೇ ತೀರ್ಮಾನ ಮಾಡಿ "ನಾಳೆ ಬನ್ನಿ" ಅಂದರೆ ಆಕೆ ಎದೆನೋವು ಇಟ್ಟುಕೊಂಡೇ ಮನೆಗೆ ಹೋಗುತ್ತಾಳೆ. ಸುಮ್ನೆ ಕೇಳು: "ಮೇಡಂ ಇವತ್ತು ಇಲ್ಲ, ಸರ್ ಇದ್ದಾರೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನಡೆಯುತ್ತಾ?" ಗಂಡು ವೈದ್ಯರು ಹೆಣ್ಣುಮಗಳನ್ನು ಮುಟ್ಟಿ ನೋಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅನ್ನುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಅದಕ್ಕೆ ಜಾತಿ ಧರ್ಮ ಇಲ್ಲ.

ಎಕ್ಸ್‌ರೇ ರೂಮ್

ಅಕ್ಕಾ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪಟ್ಟಿ ಬೇಕೇ ಬೇಕು. ಏನೂ ಗೊತ್ತಿಲ್ಲದವರು ಏನಂತ ಕೇಳಬೇಕು?

ನನ್ನ ಕೆಲಸದಿಂದಲೇ ಹೇಳುತ್ತೇನೆ. ಎದೆ ಎಕ್ಸ್‌ರೇಗೆ ಬರುವ ಹಿರಿಯರ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುತ್ತದೆ, ಒಳಗೆ ಇಷ್ಟಲಿಂಗ. ಹೊಸ ಹುಡುಗರು "ಅದನ್ನ ತೆಗೆದು ಅಲ್ಲಿಡ್ರಿ" ಅಂತ ಸ್ಟೂಲ್ ತೋರಿಸುತ್ತಾರೆ. ಆ ಸ್ಟೂಲಿನ ಕೆಳಗೇ ಎಲ್ಲರ ಚಪ್ಪಲಿ. ಅಜ್ಜ ಬಾಯಿ ಬಿಡುವುದಿಲ್ಲ, ಎದ್ದು ಹೊರಟೇಬಿಡುತ್ತಾರೆ. ನಾನು ಕೈ ತೊಳೆಯಲು ನೀರು ತೋರಿಸುತ್ತೇನೆ, ಅವರೇ ತೆಗೆದು ಜೊತೆಗೆ ಬಂದ ಮಗನ ಕೈಗೆ ಕೊಡುತ್ತಾರೆ. ನಾನು ಮುಟ್ಟುವುದಿಲ್ಲ. ಒಬ್ಬರೇ ಬಂದಿದ್ದರೆ ತೋಳಿಗೆ ಕಟ್ಟಿಕೊಳ್ಳಿ ಅನ್ನುತ್ತೇನೆ, ಎದೆಯ ಫಿಲಂಗೆ ಅಡ್ಡ ಬರಲ್ಲ. ಎಂಆರ್‌ಐ ಆದರೆ ಈ ಹೊಂದಾಣಿಕೆ ಇಲ್ಲ. ಲೋಹ ಒಳಗೆ ಹೋಗುವಂತೆಯೇ ಇಲ್ಲ. ಅದಕ್ಕೇ ಹಿಂದಿನ ದಿನವೇ ಕಾರಣ ಹೇಳಿ, ಮನೆಯಿಂದ ಯಾರನ್ನಾದರೂ ಕರೆತನ್ನಿ ಅನ್ನಬೇಕು.

ಇದು ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಟ್ಟದ್ದಲ್ಲ.

ರಾಯಚೂರು ಸ್ಟಾಫ್ ನರ್ಸ್

ತಮ್ಮಾ, ಇದು ಚೆನ್ನಾಗಿದೆ. ನೋಡು, ನೀನು ಹೇಳಿದ್ದು ಜಾತಿಯ ಪಟ್ಟಿ ಅಲ್ಲ, ಕೆಲಸದ ಪಟ್ಟಿ. ಎಕ್ಸ್‌ರೇಗೆ ಮೊದಲು ಕೊರಳಲ್ಲಿ ಏನಿದೆ ಅಂತ ಎಲ್ಲರನ್ನೂ ಕೇಳಬೇಕು. ಲಿಂಗ ಇರಬಹುದು, ತಾಯಿತ ಇರಬಹುದು, ಶಿಲುಬೆ ಇರಬಹುದು. ಆಪರೇಷನ್‌ಗೆ ಮೊದಲು ಏನು ಕೇಳಬೇಕು, ಹೆರಿಗೆಗೆ ಮೊದಲು ಏನು ಕೇಳಬೇಕು ಅಂತ ಬರೆದುಕೊಂಡರೆ ಅದು ಕೆಲಸಕ್ಕೆ ಬರುತ್ತದೆ.

ಆಪರೇಷನ್ ಅಂದಕೂಡಲೇ ನೆನಪಾಯಿತು. ತಾಳಿ, ಕಾಲುಂಗುರ. ಗಂಡ ಬದುಕಿರುವಾಗ ತೆಗೆಯಬಾರದು ಅಂತ ಅಳುವವರು ಇದ್ದಾರೆ. ಅತ್ತೆಗೆ ಮೊದಲೇ ಹೇಳಿದ್ದರೆ ಅರಿಶಿನ ಕೊಂಬನ್ನು ದಾರಕ್ಕೆ ಕಟ್ಟಿ ರೆಡಿ ಇಟ್ಟುಕೊಂಡಿರುತ್ತಾರೆ. ಅದನ್ನು ಕಟ್ಟಿ ಆಮೇಲೆ ತಾಳಿ ಬಿಚ್ಚುತ್ತಾರೆ. ಹತ್ತು ನಿಮಿಷದ ಕೆಲಸ. ಥಿಯೇಟರ್ ಬಾಗಿಲಲ್ಲಿ ನಿಂತು ಹೇಳಿದರೆ ಅರ್ಧ ಗಂಟೆ ರಂಪ.

ತಾಂಡಾದ ಹಿರಿಯ ಹೆಂಗಸರಿಗೆ ಮೊಣಕೈ ಮೇಲಿನವರೆಗೂ ಬಳೆ ಇರುತ್ತವೆ. ಬಿಪಿ ಪಟ್ಟಿ ಎಲ್ಲಿ ಕಟ್ಟುತ್ತೀಯಾ? ಬಳೆ ಸರಿಯುತ್ತವಾ ಅಂತ ಕೇಳು. ಸರಿಯದಿದ್ದರೆ ಮುಂಗೈ ಮೇಲ್ಭಾಗದಲ್ಲಿ ನೋಡು, "ಮುಂಗೈಯಲ್ಲಿ ನೋಡಿದ್ದು" ಅಂತ ಕಾರ್ಡಿನಲ್ಲಿ ಬರಿ. ಮುಂದಿನ ಸಲವೂ ಅಲ್ಲೇ ನೋಡಬೇಕು, ಇಲ್ಲಾಂದ್ರೆ ಹೋಲಿಕೆಗೆ ಅರ್ಥ ಇಲ್ಲ. ಬಳೆ ಕತ್ತರಿಸೋಣ ಅನ್ನುವ ಮಾತು ಬೇಡವೇ ಬೇಡ.

ಬಳ್ಳಾರಿ ಮೆಡಿಕೋ

ಪುಸ್ತಕದ ಕಡೆಯಿಂದ ಸ್ವಲ್ಪ. ಈಗ ನಡೆಯುತ್ತಿರುವ ವಾದ ಹೊರಗಡೆಯೂ ನಡೆದಿದೆ. 1989ರಲ್ಲಿ ಅಮೆರಿಕದಲ್ಲಿ ಟೆರಿ ಕ್ರಾಸ್ ಮತ್ತು ಜೊತೆಯವರು ಬೇರೆ ಬೇರೆ ಜನರ ಜೊತೆ ಕೆಲಸ ಮಾಡುವ ಸಾಂಸ್ಕೃತಿಕ ಸಾಮರ್ಥ್ಯದ ಬಗ್ಗೆ ಬರೆದರು. ಅದನ್ನು ತರಬೇತಿ ಮಾಡಲು ಹೋದಾಗ ಬಹಳ ಕಡೆ "ಇಂಥವರು ಹೀಗೆ" ಅನ್ನುವ ಪಟ್ಟಿಯಾಗಿಬಿಟ್ಟಿತು. 1998ರಲ್ಲಿ ಟರ್ವಲಾನ್ ಮತ್ತು ಮರ್ರೆ-ಗಾರ್ಸಿಯಾ ಅನ್ನುವ ಇಬ್ಬರು ವೈದ್ಯೆಯರು, ಇದು ಕಲಿತು ಮುಗಿಸುವ ವಿಷಯ ಅಲ್ಲ, ವಿನಯ ಬೇಕು, ನಮ್ಮನ್ನು ನಾವೇ ಪ್ರಶ್ನೆ ಮಾಡಿಕೊಳ್ಳುತ್ತಿರಬೇಕು ಅಂದರು. ಅಕ್ಕ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ.

ನಮ್ಮಲ್ಲಿ 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಎಟ್‌ಕಾಮ್ ಅಂತ ಬಂತು. ನಡವಳಿಕೆ, ನೀತಿ, ಮಾತುಕತೆ ಕಲಿಸುವುದು. ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯೂ ಇದೆ. ಆಮೇಲೆ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ಕಾರ್ಯಕ್ರಮ ಬಂತು. ನನಗೆ ಹೆಚ್ಚು ಉಪಯೋಗ ಆದದ್ದು ಆ ಮನೆಗಳೇ. ಸಂಡೂರು ಕಡೆಯ ಒಂದು ಮನೆಯಲ್ಲಿ ಬಿಪಿ ಮಾತ್ರೆ ದೇವರ ಫೋಟೋ ಹಿಂದೆ ಇರುತ್ತಿತ್ತು. ಭಕ್ತಿಗಲ್ಲ, ಮಕ್ಕಳ ಕೈಗೆ ಸಿಗಬಾರದು ಅಂತ.

ಒಂದು ಗಟ್ಟಿ ಸಾಧನ ಬೇಕಿದ್ದರೆ ಆರ್ಥರ್ ಕ್ಲೈನ್‌ಮನ್ ಅವರ ಪ್ರಶ್ನೆಗಳಿವೆ. ಅವರು ಮನೋವೈದ್ಯರು, ಮಾನವಶಾಸ್ತ್ರಜ್ಞರೂ ಹೌದು. ನಮ್ಮ ಮಾತಿನಲ್ಲಿ ಕೇಳುವುದಾದರೆ: ನಿಮಗೆ ಏನಾಗಿದೆ ಅಂತ ನಿಮಗನಿಸುತ್ತದೆ? ಈಗಲೇ ಯಾಕೆ ಶುರುವಾಯಿತು? ಇದರಿಂದ ದಿನದ ಕೆಲಸಕ್ಕೆ ಏನು ತೊಂದರೆ? ಯಾವುದಕ್ಕೆ ಜಾಸ್ತಿ ಭಯ?

ಒಪಿಡಿ ಡಾಕ್ಟರ್

ಓದೋಕೆ ಚೆಂದ. ಬೆಳಿಗ್ಗೆ ಕೂತರೆ ಮಧ್ಯಾಹ್ನದೊಳಗೆ ನೂರರ ಹತ್ತಿರ ಚೀಟಿ. "ನಿಮಗೆ ಏನನಿಸುತ್ತದೆ" ಅಂತ ಕೇಳುತ್ತಾ ಕೂತರೆ ಕೊನೆಯವರು ಸಂಜೆ ಬಸ್ಸಿಗೂ ಹೋಗಲ್ಲ. "ನನಗೇನ್ ಗೊತ್ತ್ರೀ, ನೀವ್ ಡಾಕ್ಟ್ರು" ಅನ್ನುವವರೇ ಜಾಸ್ತಿ.

ಇನ್ನೊಂದು ಮಾತು. ಎಲ್ಲದಕ್ಕೂ ಗೌರವ ಅಂದರೆ, ಹಸುಗೂಸಿನ ಹೊಟ್ಟೆಗೆ ಊದುಕಡ್ಡಿಯಿಂದ ಬರೆ ಹಾಕಿ ಕರೆತರುತ್ತಾರಲ್ಲ, ಅದಕ್ಕೂ ಗೌರವ ಕೊಡಬೇಕಾ? ಹಾವು ಕಚ್ಚಿದವನನ್ನು ಮಂತ್ರ ಹಾಕಿಸಿ ಮೂರು ಗಂಟೆ ತಡಮಾಡಿ ತಂದರೆ ಕೈ ಮುಗಿಯಬೇಕಾ?

ಆಶಾ ಅಕ್ಕ, ಸಿರುಗುಪ್ಪ ಕಡೆ

ಸರ್, ಬರೆಗೆ ಗೌರವ ಕೊಡಿ ಅಂತ ಇಲ್ಲಿ ಯಾರೂ ಹೇಳಿಲ್ಲ. ಆದರೆ ಬರೆ ಹಾಕಿದ ತಾಯಿಗೆ ಎಲ್ಲರ ಮುಂದೆ ಬೈದರೆ ಏನಾಗುತ್ತೆ ಗೊತ್ತಾ? ಮುಂದಿನ ಸಲ ಅದೇ ಓಣಿಯ ಕೂಸು ಆಸ್ಪತ್ರೆಗೆ ಬರುವುದೇ ಇಲ್ಲ. ಮೊದಲು ಸುಟ್ಟ ಗಾಯಕ್ಕೆ ಮದ್ದು ಮಾಡಿ. ಆಮೇಲೆ ಕೂಸಿಗೆ ಏನಾಗಿತ್ತು, ಬರೆ ಹಾಕು ಅಂದವರು ಯಾರು ಅಂತ ಕೇಳಿ. ಬಹಳ ಸಲ ರಾತ್ರಿ ಹೊಟ್ಟೆ ಉಬ್ಬಿರುತ್ತೆ, ಗಂಡ ದುಡಿಯೋಕೆ ಬೆಂಗಳೂರಿಗೋ ಗೋವಾಕ್ಕೋ ಹೋಗಿರುತ್ತಾನೆ, ಗಾಡಿ ಇರಲ್ಲ, ಹಿರಿಯರು ಹೇಳಿದ್ದೇ ಮದ್ದು. ಆ ಹಿರಿಯರ ಮನೆಗೆ ನಾವು ಹೋಗುತ್ತೇವೆ. ಅದು ಫೋನಿನಲ್ಲಿ ಆಗುವ ಕೆಲಸ ಅಲ್ಲ.

ಹಾವಿನ ವಿಷಯಕ್ಕೆ ನಮ್ಮೂರಲ್ಲಿ ಮಂತ್ರ ಹಾಕುವ ತಾತನ ಜೊತೆಗೇ ಮಾತಾಡಿಕೊಂಡಿದ್ದೇವೆ. "ತಾತ, ನೀನೂ ಗಾಡಿ ಹತ್ತು, ದಾರಿಯಲ್ಲಿ ಮಂತ್ರ ಹಾಕು." ಮಂತ್ರವೂ ಆಯಿತು, ಔಷಧಿಯೂ ಸಿಕ್ಕಿತು. 2024ರಲ್ಲಿ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳಲ್ಲಿ ಸೇರಿಸಿದೆ. ಹಾಗಾಗಿ ಈಗ ಪಿಎಚ್‌ಸಿಯಲ್ಲೂ ಅದಕ್ಕೆ ಕಿವಿಗೊಡುತ್ತಾರೆ.

ಇನ್ನು ಸಿಎಚ್‌ಒ ಮೇಡಂಗೆ. ಅಮ್ಮ ಬಂದ ಮನೆಗೆ ಹೋದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರುತ್ತಾರೆ. ಚಪ್ಪಲಿ ಹೊರಗೇ ಬಿಡಿ. ಹೊಸ್ತಿಲಲ್ಲೇ ನಿಂತು ಇದು ವೈರಸ್ಸು ಅಂತ ಪಾಠ ಶುರು ಮಾಡಬೇಡಿ. ಕೂಸಿಗೆ ನೀರು ಕುಡಿಸುತ್ತಿದ್ದಾರಾ, ಉಸಿರು ಜೋರಾಗಿದೆಯಾ, ಕಣ್ಣು ಹೇಗಿದೆ ನೋಡಿ. ದಡಾರ ಆದರೆ ವಿಟಮಿನ್ ಎ ಕೊಡಬೇಕು. ಅದು ಬಾಯಿಗೆ ಹಾಕುವ ಔಷಧಿ, ಸೂಜಿ ಅಲ್ಲ. ಅಮ್ಮನಿಗೆ ಸೂಜಿ ಆಗಲ್ಲ ಅನ್ನುವವರೂ ಇದಕ್ಕೆ ಒಪ್ಪುತ್ತಾರೆ. ಉಳಿದ ಮಕ್ಕಳ ಲಸಿಕೆ ಮಾತು ಅಮ್ಮನ ಪೂಜೆ ಮುಗಿದಮೇಲೆ ಎತ್ತಿ.

ಕಬ್ಬಿಣದ ಮಾತ್ರೆ. ಗರ್ಭಿಣಿಗೆ 180 ದಿನ ಅಂತ ಕೊಡುತ್ತೇವೆ. ಮಾತ್ರೆ ನುಂಗಿದರೆ ಕೂಸು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಅನ್ನುವವರು ಇದ್ದಾರೆ, ನಿಜ. ಆದರೆ ಎಲ್ಲರೂ ಅದಕ್ಕೇ ಬಿಡುತ್ತಾರೆ ಅಂದುಕೊಳ್ಳಬೇಡಿ. ಬೆಳಕು ಹರಿಯುವ ಮುಂಚೆ ನಾಟಿ ಹಚ್ಚೋಕೆ ಹೋಗುತ್ತಾರೆ. ಖಾಲಿ ಹೊಟ್ಟೆಗೆ ಮಾತ್ರೆ, ಮೇಲೆ ಒಂದು ಕಪ್ ಚಹಾ. ಗದ್ದೆಯಲ್ಲೇ ವಾಂತಿ. ಅದಕ್ಕೆ ಮೂಢನಂಬಿಕೆ ಅಂತ ರಿಜಿಸ್ಟರ್‌ನಲ್ಲಿ ಬರೆದರೆ ಹೇಗೆ? ರಾತ್ರಿ ಊಟ ಆದಮೇಲೆ ನುಂಗಿ, ಚಹಾ ಜೊತೆ ಬೇಡ, ಎರಡಕ್ಕೆ ಕಪ್ಪಗೆ ಆದರೆ ಹೆದರಬೇಡಿ. ಈ ಮೂರು ಮಾತನ್ನು ಅತ್ತೆಯ ಎದುರಿಗೇ ಹೇಳಿ. ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದರೆ ಮಾತ್ರೆ ತಿಪ್ಪೆ ಸೇರುತ್ತೆ.

ಬಳ್ಳಾರಿ ಮೆಡಿಕೋ

ಆಶಾ ಅಕ್ಕ, ನೀವು ಲೈನಿಂಗರ್ ಓದಿದ್ದೀರಾ? ತಮಾಷೆ ಅಲ್ಲ. ಅವರ ಸಿದ್ಧಾಂತದಲ್ಲೂ ಮೂರು ದಾರಿ ಇವೆ. ಕೆಲವನ್ನು ಇದ್ದ ಹಾಗೇ ಬಿಡುವುದು, ಕೆಲವಕ್ಕೆ ಮಾತಾಡಿ ಹೊಂದಿಸುವುದು, ಕೆಲವನ್ನು ಬದಲಾಯಿಸಲು ಜೊತೆಗೆ ನಿಲ್ಲುವುದು. ಬೇವಿನ ಸೊಪ್ಪು ಮೊದಲನೆಯದು, ತಾತ ಗಾಡಿ ಹತ್ತಿದ್ದು ಎರಡನೆಯದು, ಬರೆ ಮೂರನೆಯದು.

ರಾಯಚೂರು ಸ್ಟಾಫ್ ನರ್ಸ್

ಬಾಣಂತನವನ್ನೇ ಹಾಗೆ ವಿಂಗಡಿಸಿ ನೋಡು ತಂಗಿ. ತಲೆಗೆ ಬಟ್ಟೆ, ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು, ಕೈಗೆ ಕರಿ ದಾರ: ಬಿಟ್ಟುಬಿಡು, ದಾರ ಬಿಗಿಯಾಗಿಲ್ಲ ಅಂತ ನೋಡಿದರೆ ಸಾಕು. ಮಂಚದ ಕೆಳಗೆ ಕೆಂಡ ಇಟ್ಟು ಬಾಗಿಲು ಕಿಟಕಿ ಮುಚ್ಚುತ್ತಾರೆ, ಅದಕ್ಕೆ ಮಾತಾಡಬೇಕು. ಬೆಚ್ಚಗಿರಲಿ, ಆದರೆ ಕೆಂಡ ಹೊರಗಿರಲಿ. ಮುಚ್ಚಿದ ಕೋಣೆಯಲ್ಲಿ ಆ ಗಾಳಿ ತಾಯಿ ಕೂಸು ಇಬ್ಬರಿಗೂ ವಿಷ. ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ. ಕಾಯಿಸಿದ ನೀರು, ಜೀರಿಗೆ ನೀರು, ಸಾರು ಅಂತ ದಾರಿ ಹುಡುಕು. ಬರೀ "ನೀರು ಕುಡಿಸಿ" ಅಂದರೆ ಹೂಂ ಅಂದು ಸುಮ್ಮನಾಗುತ್ತಾರೆ.

ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ಮಾತ್ರ ನಿಲ್ಲಲೇಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಕೂಸು ಮೊಲೆಗೆ ಬರಬೇಕು. ಅಜ್ಜಿಯರ ಹತ್ತಿರ ನಾನು ಒಂದೇ ಮಾತು ಕೇಳುವುದು: "ಯವ್ವಾ, ಕರುವಿಗೆ ಗಿಣ್ಣ ಕುಡಿಸದ ಬಿಡ್ತೀರೇನು?" ದನ ಕಟ್ಟಿದ ಮನೆಯವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮಾನ್ವಿ ಹುಡುಗ

ನಾನು ಆಸ್ಪತ್ರೆಯವನಲ್ಲ, ಆಸ್ಪತ್ರೆಗೆ ಬರುವವನು. ಇಷ್ಟೊತ್ತು ಓದಿದೆ. ಎಲ್ಲರೂ ನಮ್ಮ ರಿವಾಜು ಕಲಿಯುವ ಮಾತಾಡುತ್ತಿದ್ದೀರಿ. ನಿಮ್ಮ ರಿವಾಜಿನ ಬಗ್ಗೆ ಯಾರು ಮಾತಾಡುತ್ತಾರೆ?

ನಮ್ಮ ಅವ್ವನಿಗೆ ಅರವತ್ತು ದಾಟಿದೆ. ಹೆಸರು ಹೇಳಲ್ಲ, ಒಂದು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ನನ್ನ ವಯಸ್ಸಿನ ಹುಡುಗ "ಏ, ಆ ಕಡೆ ಸರಿ, ನಿಂದು ಯಾವ ಕೇರಿ?" ಅಂದ. ಹಿಂದೆ ಇಸ್ತ್ರಿ ಅಂಗಿಯವರು ನಿಂತಿದ್ದರು. ಅವರಿಗೆ "ಬರ್ರಿ ಸರ್". ನಮ್ಮ ಕಡೆ ಅವ್ವನಿಗೆ ನಾವೂ ನೀ ಅನ್ನುತ್ತೇವೆ, ಅದು ಬೇರೆ. ಗುರುತಿಲ್ಲದ ಹುಡುಗ ಕೇರಿ ಕೇಳಿ ನೀ ಅನ್ನುವುದು ಬೇರೆ. ಚೀಟಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಜಾರಿಸಿದ. ಒಳಗೆ ಡಾಕ್ಟರ್ ಕೈ ಹಿಡಿದು ನಾಡಿ ನೋಡಿದರು. ಅವ್ವ ಮನೆಗೆ ಬಂದು ಮಾತ್ರೆಯ ವಿಷಯ ಹೇಳಲಿಲ್ಲ, "ಡಾಕ್ಟ್ರು ಕೈ ಹಿಡದು ನೋಡಿದ್ರು" ಅಂತ ಓಣಿಗೆಲ್ಲಾ ಹೇಳಿದಳು.

ಒಪಿಡಿ ಸರ್, ಬನ್ನಿ ಕೂತ್ಕೊಳ್ಳಿ ಅನ್ನೋಕೆ ಎಷ್ಟು ನಿಮಿಷ ಬೇಕು?

ಒಪಿಡಿ ಡಾಕ್ಟರ್

ಒಪ್ಪಿದೆ. ಅದಕ್ಕೆ ಟೈಮ್ ಬೇಡ. ಕೌಂಟರಿನವರಿಗೂ ಸೆಕ್ಯುರಿಟಿಯವರಿಗೂ ಯಾವ ತರಬೇತಿಯೂ ಇಲ್ಲ ಅನ್ನುವುದು ನಿಜ. ರೋಗಿ ಮೊದಲು ನೋಡುವ ಮುಖ ಅವರದೇ.

ಟೈಮ್ ಇಲ್ಲದವರಿಗೆ ನನ್ನದೂ ಒಂದು ಉಪಾಯ. "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋಗಿ ಮಾತ್ರೆ ಹೆಂಗ ತಗೋತೀರಿ, ಒಂದ್ಸಲ ಹೇಳ್ರಿ" ಅನ್ನಿ. ಅರ್ಧ ನಿಮಿಷದಲ್ಲಿ ತಪ್ಪು ಗೊತ್ತಾಗುತ್ತದೆ. ಮತ್ತೆ ಶುಗರ್ ಇರುವವರಿಗೆಲ್ಲಾ ಕಣ್ಣುಮುಚ್ಚಿ ಚಪಾತಿ ತಿನ್ನಿ ಅಂತ ಬರೆಯುವುದನ್ನು ನಿಲ್ಲಿಸಿ. ಮನೆಯಲ್ಲಿ ಜೋಳದ ರೊಟ್ಟಿ ಇದ್ದೇ ಇರುತ್ತದೆ. ಎಷ್ಟು ರೊಟ್ಟಿ, ಜೊತೆಗೆ ಅನ್ನ ಎಷ್ಟು ಅಂತ ಕೇಳಿದರೆ ಸಾಕು.

ಸಿಂಧನೂರಿನಿಂದ ಲಂಡನ್

ನಾನು ಸಿಂಧನೂರಿನವಳು, ಇಲ್ಲಿ ವಾರ್ಡ್ ನರ್ಸ್. ಒಂದೇ ವಿಷಯಕ್ಕೆ ಬರುತ್ತೇನೆ: ದುಭಾಷಿ.

ನಮ್ಮ ತಾಲೂಕಿನ ಆರ್‌ಎಚ್ ಕ್ಯಾಂಪ್‌ಗಳು ಗೊತ್ತಲ್ವಾ? ಪೂರ್ವ ಬಂಗಾಳದಿಂದ ಬಂದವರ ಪುನರ್ವಸತಿ. ಆಸ್ಪತ್ರೆಗೆ ಬಂದ ಅಲ್ಲಿನ ಅಜ್ಜಿಯರ ಪರವಾಗಿ ಕನ್ನಡ ಶಾಲೆಗೆ ಹೋಗುವ ಮೊಮ್ಮಕ್ಕಳು ಮಾತಾಡುವುದನ್ನು ನೋಡಿಯೇ ಬೆಳೆದೆ. ಹತ್ತು ವರ್ಷದ ಹುಡುಗನ ಬಾಯಲ್ಲಿ ಅಜ್ಜಿ ಬಿಳಿ ಸೆರಗಿನ ತೊಂದರೆ ಹೇಳುತ್ತಾಳಾ? ಹೊಟ್ಟೆನೋವು ಅಂದು ಸುಮ್ಮನಾಗುತ್ತಾಳೆ. ಇಲ್ಲಿ ಮಕ್ಕಳನ್ನು ದುಭಾಷಿ ಮಾಡಬಾರದು ಅಂತಲೇ ಹೇಳುತ್ತಾರೆ, ಫೋನಿನಲ್ಲಿ ವೃತ್ತಿಪರ ದುಭಾಷಿ ಸಿಗುತ್ತಾರೆ. ಅಮೆರಿಕದಲ್ಲೂ ಆರೋಗ್ಯ ಸೇವೆಯಲ್ಲಿ ಭಾಷೆ, ಸಂಸ್ಕೃತಿ ಬಗ್ಗೆ 2000ದಲ್ಲಿ ಬಂದ ಕ್ಲಾಸ್ (CLAS) ಮಾನದಂಡಗಳು ಭಾಷೆಯ ನೆರವು ಉಚಿತವಾಗಿರಬೇಕು ಅನ್ನುತ್ತವೆ.

ನಮ್ಮ ಕಡೆ ಆ ವ್ಯವಸ್ಥೆ ಬರುವವರೆಗೆ ಒಂದು ಕೆಲಸ ಮಾಡಬಹುದು. ಆಸ್ಪತ್ರೆಯಲ್ಲಿ ಯಾರಿಗೆ ಯಾವ ಭಾಷೆ ಬರುತ್ತದೆ ಅಂತ ಒಂದು ಹಾಳೆ ಮಾಡಿ. ಲಂಬಾಣಿ ಬರುವ ಆಯಾ, ತೆಲುಗು ಬರುವ ಫಾರ್ಮಸಿಸ್ಟ್, ಬಂಗಾಳಿ ಬರುವ ಡ್ರೈವರ್. ಈಗಲೂ ಆ ಆಯಾನೇ ದುಭಾಷಿ, ಅದು ಯಾರ ಲೆಕ್ಕದಲ್ಲೂ ಇಲ್ಲ ಅಷ್ಟೇ. ಕೇಳಿದ ಮಾತು ಹೊರಗೆ ಹೇಳಬಾರದು ಅಂತ ಅವರಿಗೆ ತಿಳಿಸಿ. ಆ ಹೊತ್ತಿನಲ್ಲಿ ಅವರ ಬೇರೆ ಕೆಲಸ ಇನ್ನೊಬ್ಬರು ನೋಡಿಕೊಳ್ಳಲಿ.

ಪಟ್ಟಿ ಗೋಡೆಗೆ ಹಾಕುವುದಿದ್ದರೆ ಇದನ್ನು ಹಾಕಿ.

ಮಸ್ಕಿ ಮೆಡಿಕಲ್ ಶಾಪ್

ರಂಜಾನ್ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ನಮ್ಮವರು ಬಹಳ ಜನ ರೋಜಾ ಇರುವಾಗ ಶುಗರ್ ಮಾತ್ರೆ ಬಗ್ಗೆ ಡಾಕ್ಟರಿಗೆ ಹೇಳುವುದೇ ಇಲ್ಲ. ಹೇಳಿದರೆ "ಉಪವಾಸ ಬಿಡಿ" ಅಂತಾರೆ ಅನ್ನುವ ಭಯ. ಅದಕ್ಕೇ ಅರ್ಧ ಮಾತ್ರೆ, ಇಲ್ಲಾ ಪೂರ್ತಿ ಬಂದ್. ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ನೀವೇ ಕೇಳಿ: "ರೋಜಾ ಇರ್ತೀರಾ? ಹಾಗಾದರೆ ಮಾತ್ರೆಯ ಟೈಮ್ ಈಗಲೇ ಬದಲಾಯಿಸೋಣ." ಬೆಳಗಿನ ಜಾವದ ಸಹರಿಗೆ ಏನು, ಸಂಜೆಯ ಇಫ್ತಾರ್‌ಗೆ ಏನು ಅಂತ ಡಾಕ್ಟರ್ ಬರೆದುಕೊಟ್ಟರೆ ಜನ ಪಾಲಿಸುತ್ತಾರೆ. ಬೆರಳು ಚುಚ್ಚಿ ಶುಗರ್ ನೋಡಿದರೆ ರೋಜಾ ಮುರಿಯುವುದಿಲ್ಲ ಅಂತ ಮೌಲಾನಾರೂ ಹೇಳುತ್ತಾರೆ, ಬೇಕಾದರೆ ಅವರಿಂದಲೇ ಹೇಳಿಸಿ. 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಆ ದಿನ ರೋಜಾ ಬಿಡಬೇಕು. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ.

ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರ್ ಕೇಳದೆ ಶುರು ಮಾಡಲೇಬಾರದು. ಶ್ರಾವಣ ಸೋಮವಾರ ಒಪ್ಪತ್ತು ಇರುವವರಿಗೂ ಮಾತ್ರೆಯ ಪ್ರಶ್ನೆ ಇದ್ದೇ ಇದೆ.

ಕೌನ್ಸೆಲರ್, ಹುಲಿಗಿ ಹತ್ತಿರ

ತಡವಾಗಿ ಬರೆಯುತ್ತಿದ್ದೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಮಾಜಿ ದೇವದಾಸಿಯರು ಬಹಳ ಜನ ಇದ್ದಾರೆ. ಆ ಪದ್ಧತಿ ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ, ಕೌಂಟರಿನ ಪ್ರಶ್ನೆ ಇನ್ನೂ ಬದಲಾಗಿಲ್ಲ. ಸಾಲಿನಲ್ಲಿ ಜನ ನಿಂತಿರುವಾಗ "ಗಂಡನ ಹೆಸರು?" ಅಂತ ಜೋರಾಗಿ ಕೇಳುತ್ತಾರೆ. ಆಕೆ ಸುಮ್ಮನಾದರೆ ಇನ್ನೂ ಜೋರಾಗಿ. ಮಗಳನ್ನು ಕರೆತಂದರೆ "ಅಪ್ಪನ ಹೆಸರು?" ಕೆಲವರು ಬಾಯಿಗೆ ಬಂದ ಹೆಸರು ಹೇಳುತ್ತಾರೆ. ಅದು ಆಧಾರ್‌ಗೆ ತಾಳೆಯಾಗಲ್ಲ, ಆಮೇಲೆ ಬೇರೆ ತಾಪತ್ರಯ. ಪ್ರಶ್ನೆ ಬದಲಿಸಿದರೆ ಮುಗಿಯಿತು: "ಮನೆಯಲ್ಲಿ ಯಾರ ಹೆಸರು ಬರೆಯಲಿ?" ತಾಯಿ, ತಮ್ಮ, ಮಗ, ಯಾರಾದರೂ ಆಗಲಿ.

ಹುಲಿಗೆಮ್ಮನ ಜಾತ್ರೆಗೆ ಬರುವ ಜೋಗಪ್ಪಗಳದ್ದೂ, ಅಂದರೆ ದೇವಿಗೆ ಮುತ್ತು ಕಟ್ಟಿಸಿಕೊಂಡ ಲಿಂಗತ್ವ ಅಲ್ಪಸಂಖ್ಯಾತರದ್ದೂ, ಅದೇ ಗೋಳು. ಜ್ವರ ಅಂತ ಬಂದರೆ ಮೈ ನೋಡುವ ಮುಂಚೆ ನಾಲ್ಕು ಜನ ಬಂದು ಇಣುಕುತ್ತಾರೆ. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಅಂತ ಬಾಗಿಲಲ್ಲೇ ಚರ್ಚೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಬಳ್ಳಾರಿ ಕಡೆಯವರು ಅಂತ ಎಲ್ಲರೂ ಸ್ಟೇಟಸ್ ಹಾಕಿದ್ದರು. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾನೂನು ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಯಾವ ಹೆಸರಿನಿಂದ ಕರೆಯಲಿ, ಯಾವ ವಾರ್ಡ್ ನಿಮಗೆ ಸರಿ ಅಂತ ಅವರನ್ನೇ ಕೇಳಿ.

ಹೊಸ ಸಿಎಚ್‌ಒ, ಕಾರಟಗಿ ಕಡೆ

ಎಲ್ಲರಿಗೂ ಥ್ಯಾಂಕ್ಸ್. ಭಾಷೆಯ ಹಾಳೆ ಇವತ್ತೇ ಶುರು ಮಾಡಿದೆ. ನಮ್ಮ ಆಶಾ ಒಬ್ಬರಿಗೆ ಲಂಬಾಣಿ, ತೆಲುಗು ಎರಡೂ ಬರುತ್ತದಂತೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕೌನ್ಸೆಲರ್ ಅಕ್ಕಾ, ಒಂದು ಅನುಮಾನ. ನಮ್ಮ ರಿಜಿಸ್ಟರ್‌ನಲ್ಲಿ "ಗಂಡ/ತಂದೆ ಹೆಸರು" ಅಂತಲೇ ಅಚ್ಚಾಗಿದೆ. ಅಲ್ಲಿ ತಾಯಿ ಹೆಸರು ಬರೆದರೆ ಮೇಲಿನವರು ಆಕ್ಷೇಪ ಮಾಡುತ್ತಾರಾ?

ಕೌನ್ಸೆಲರ್, ಹುಲಿಗಿ ಹತ್ತಿರ

ನಾವು ಬರೆಯುತ್ತಲೇ ಇದ್ದೇವೆ, ಯಾರೂ ಏನೂ ಅಂದಿಲ್ಲ. ಹೆಸರಿನ ಮುಂದೆ "ತಾಯಿ" ಅಂತ ಸೇರಿಸಿ, ಗೊಂದಲ ಆಗಲ್ಲ. ಆಧಾರ್‌ನಲ್ಲಿ ಏನಿದೆ ನೋಡಿಕೊಂಡು ಅದೇ ಕಾಗುಣಿತ ಬರೆಯಿರಿ, ತಾಯಿ ಕಾರ್ಡಿಗೂ ಹಣ ಬರುವ ಖಾತೆಗೂ ಹೆಸರು ಒಂದೇ ಇರಬೇಕು. ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಆ ಅಚ್ಚಾದ ಕಾಲಂ ವಿಷಯ ನಾನೂ ಎತ್ತುತ್ತೇನೆ, ನೀವೂ ನಿಮ್ಮ ಕಡೆಯಿಂದ ಲಿಖಿತವಾಗಿ ಕೊಡಿ.